ಡಬಲ್ ಡೆಕ್ಕರ್ ಮತ್ತು ದೊಡ್ಡಮ್ಮನ ಮಂಡಿ

ಮಾಟುಂಗಾ, 2025 ನವೆಂಬರ್ 22, ಶನಿವಾರ

ದೊಡ್ಡಮ್ಮ ಮೊನ್ನೆ ಕುಂದಾಪುರದಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದರು. ಬಂದ ದಿನವೇ ಹೇಳಿಬಿಟ್ಟರು: "ಲೋಕಲ್ ಟ್ರೈನಿಗೆ ಮಾತ್ರ ನನ್ನನ್ನು ಹತ್ತಿಸ್ಬೇಡ ಮಾರಾಯ್ತಿ, ಮಂಡಿ ನೋವು." ಲೋಕಲ್ ಬಿಟ್ಟು ಮುಂಬಯಿ ಸುತ್ತುವುದು ಅಂದರೆ ಒಂದು ಕಡೆ ಹೋಗಿ ಬರುವಷ್ಟರಲ್ಲಿ ದಿನ ಮುಗಿಯುತ್ತದೆ. ಇರಲಿ. ಇವತ್ತು ಪೂರ್ತಿ ಬಸ್ಸು, ಟ್ಯಾಕ್ಸಿ.

ಅವರಿಗೆ ನೋಡಬೇಕಾದದ್ದು ಗೇಟ್‌ವೇ ಅಲ್ಲ, ಸಿದ್ಧಿವಿನಾಯಕನೂ ಅಲ್ಲ. ಡಬಲ್ ಡೆಕ್ಕರ್ ಬಸ್ಸು. ದೊಡ್ಡಪ್ಪ ಹುಡುಗನಾಗಿದ್ದಾಗ ಫೋರ್ಟಿನ ಒಂದು ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದವರು. ರಜೆ ಸಿಕ್ಕ ದಿನ ಡಬಲ್ ಡೆಕ್ಕರ್ ಹತ್ತಿ, ಮೇಲಿನ ಎದುರು ಸೀಟಿನಲ್ಲಿ ಕೂತು, ಕೊನೇ ಸ್ಟಾಪಿನ ತನಕ ಹೋಗಿ ಬರುತ್ತಿದ್ದರಂತೆ. ಅದೇ ಸಿನಿಮಾ, ಅದೇ ತಿರುಗಾಟ. ದೊಡ್ಡಮ್ಮ ಆಗ ಊರಲ್ಲಿ ಗದ್ದೆ ನೋಡಿಕೊಂಡಿದ್ದರು.

ಬೆಳಿಗ್ಗೆ ಕಿಂಗ್ಸ್ ಸರ್ಕಲ್ ಸ್ಟಾಪಿಗೆ ಹೋದೆವು. "ರಿಕ್ಷಾ ಇಲ್ವಾ?" ಅಂದರು. ರಿಕ್ಷಾಗಳು ಸಯನ್‌ಗೆ, ಆಚೆ ಬಾಂದ್ರಾಕ್ಕೆ ನಿಂತುಬಿಡುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಅವಕ್ಕೆ ಪ್ರವೇಶ ಇಲ್ಲ.

ಬಸ್ಸು ಕಾಯುತ್ತಾ ನನ್ನ ಹಳೆಯ ಪೆದ್ದುತನ ಹೇಳಿ ನಗಿಸಿದೆ. 1998ರಲ್ಲಿ ಮದುವೆಯಾಗಿ ಬಂದ ಹೊಸತು. ಬಸ್ಸಿನ ನಂಬರ್ ಎದುರಿಗೆ ಮರಾಠಿಯಲ್ಲಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ. ನಾಗರಿಯ ಒಂದು ನನ್ನ ಕಣ್ಣಿಗೆ 9, ಐದು ನನಗೆ 4. 115ನೇ ನಂಬರ್ ಬಸ್ಸು 994 ಆಗಿ ಬಂದು 994 ಆಗಿಯೇ ಹೋಗುತ್ತಿತ್ತು. ಪಕ್ಕದ ಬೋರ್ಡು ಓದಿ ಓಡುವಷ್ಟರಲ್ಲಿ ಕಂಡಕ್ಟರ್ ಹಗ್ಗ ಎಳೆದು ಎರಡು ಬೆಲ್ ಹೊಡೆದಿರುತ್ತಿದ್ದ. ಒಂದು ವಾರ ಗಂಡನಿಗೂ ಹೇಳಲಿಲ್ಲ, ಸುಮ್ನೆ ನಡೆದುಕೊಂಡೇ ಓಡಾಡಿದೆ.

ಬಸ್ಸು ಬಂತು. ಒಬ್ಬ ಹುಡುಗಿ ದೊಡ್ಡಮ್ಮನಿಗೆ ಎದ್ದು ಸೀಟು ಕೊಟ್ಟಳು. ಕಂಡಕ್ಟರ್ "ದಾದರ್ ಟಿಟಿ" ಎಂದು ಕೂಗಿದಾಗ ದೊಡ್ಡಮ್ಮ ಕಿವಿ ನಿಮಿರಿಸಿದರು. ದೊಡ್ಡಪ್ಪನ ಬಾಯಲ್ಲೂ ಟಿಟಿ ಅಂತಲೇ ಇತ್ತಂತೆ. ಟಿಟಿ ಅಂದರೆ ಟ್ರಾಂ ಟರ್ಮಿನಸ್. ಟ್ರಾಂ ನಿಂತದ್ದು 1964ರ ಮಾರ್ಚ್ 31ಕ್ಕೆ. ಟಿಟಿ ಇನ್ನೂ ಇಳಿದಿಲ್ಲ. ಪರೇಲ್, ಲಾಲ್‌ಬಾಗ್, ಭಾಯ್ಖಳಾ ದಾಟಿ ಸಿಎಸ್‌ಎಂಟಿ, ಅಂದರೆ ಹಳೇ ವಿಟಿ ಸ್ಟೇಷನ್, ತಲುಪುವಾಗ ಒಂದು ಗಂಟೆ ಮೇಲಾಗಿತ್ತು.

ಅಲ್ಲಿಂದ ನರಿಮನ್ ಪಾಯಿಂಟಿನ ಕಲಾಕೇಂದ್ರ ಎನ್‌ಸಿಪಿಎಗೆ ಎ-115. ಅದೇ ನನ್ನ 994, ಈಗ ಎಸಿ ಡಬಲ್ ಡೆಕ್ಕರ್, ಕರೆಂಟಿನದು. ಈ ವರ್ಷ ಮೇನಲ್ಲಿ ದರ ಏರಿ, 6 ರೂಪಾಯಿ ಇದ್ದ ಎಸಿ ಟಿಕೆಟ್ 12 ಆಗಿದೆ. ಬೈದುಕೊಂಡೇ ಕೊಟ್ಟೆ. ಆದರೂ ಈ ಊರಲ್ಲಿ 12 ರೂಪಾಯಿಗೆ ಇನ್ನೇನು ಸಿಗುತ್ತದೆ ಹೇಳಿ, ಒಂದು ಕಟಿಂಗ್ ಚಹಾ ಅಷ್ಟೇ.

ಮಂಡಿ ನೋವಿನ ದೊಡ್ಡಮ್ಮ ಕಂಬಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನಗಿಂತ ಮೊದಲೇ ಮೇಲೆ ಹತ್ತಿಬಿಟ್ಟರು. ಲೋಕಲ್‌ಗೆ ಆಗದ ಮಂಡಿ ಇದಕ್ಕೆ ಹೇಗಾಯ್ತೋ! ಆದರೆ ಎದುರಿನ ಸೀಟುಗಳೆಲ್ಲ ಕಾಲೇಜು ಹುಡುಗರ ಪಾಲು. ಮೊಬೈಲ್ ಗಾಜಿಗೆ ಹಿಡಿದು ವೀಡಿಯೊ ಮಾಡುತ್ತಿದ್ದರು. ಎರಡು ಸಾಲು ಹಿಂದೆ ಕೂತೆವು. ದೊಡ್ಡಮ್ಮ ಕಿಟಕಿ ತೆರೆಯಲು ಅಂಚು ತಡವಿದರು. ಗಾಜು ಅಲ್ಲಾಡಲಿಲ್ಲ.

"ಎಂತದಿದು, ಗಾಳಿಯೇ ಇಲ್ಲ ಅಲ್ದಾ? ಮೇಲೆ ಕೂತರೆ ಮುಖಕ್ಕೆ ಸಮುದ್ರದ ಗಾಳಿ ಹೊಡೀತದೆ ಅಂತಿದ್ರು ಅವ್ರು."

ಹೊಡೆಯುತ್ತಿತ್ತು, ಹೌದು. ಡೀಸೆಲ್ ಬಸ್ಸಿನ ಎದುರು ಕಿಟಕಿ ತೆಗೆದರೆ ತಲೆಕೂದಲು ಕೈಗೆ ಸಿಗುತ್ತಿರಲಿಲ್ಲ, ಮರದ ಕೊಂಬೆಗಳು ಕೆರೆದುಕೊಂಡು ಹೋಗುತ್ತಿದ್ದವು. 1937ರಲ್ಲಿ ಶುರುವಾದ ಹಳೇ ಡಬಲ್ ಡೆಕ್ಕರ್‌ಗಳ ಸಂತತಿ 2023ರ ಸೆಪ್ಟೆಂಬರ್ 15ಕ್ಕೆ ಮುಗಿಯಿತು. ಅಂಧೇರಿಯಲ್ಲಿ ಕೊನೆಯ ಟ್ರಿಪ್. ಹೊಸದರಲ್ಲಿ ಹೊಗೆ ಇಲ್ಲ, ಬೆವರಿಲ್ಲ, ನನಗಂತೂ ಇದೇ ಇಷ್ಟ. ದೊಡ್ಡಮ್ಮನ ಎದುರು ಬಾಯಿ ಬಿಡಲಿಲ್ಲ ಅಷ್ಟೇ.

ವಾಪಸಾಗುವಾಗ ಟ್ಯಾಕ್ಸಿ. ವಿಟಿ ತನಕ ಬಿಡಿ ಅಂದರೆ ಒಬ್ಬ ತಲೆ ಅಲ್ಲಾಡಿಸಿದ. ಇನ್ನೊಬ್ಬ ಮಾತೂ ಆಡದೆ ಮುಂದೆ ಹೋದ. ಮೂರನೆಯವನಿಗೆ ಊಟದ ಹೊತ್ತಂತೆ, ಗಂಟೆ ನಾಲ್ಕೂವರೆ! ಹತ್ತಿರದ ಬಾಡಿಗೆ ಯಾರಿಗೂ ಬೇಡ. ನಾಲ್ಕನೆಯವರಿಗೆ "ಮಾಟುಂಗಾ" ಅಂದೆ. ಬಾಗಿಲು ತಾವೇ ತೆಗೆದರು.

"ಮೀಟರ್ ಡೌನ್ ಕರೋ ಚಾಚಾ" ಅಂದೆ, ಅಭ್ಯಾಸ. ಡೌನ್ ಮಾಡಲು ಈಗ ಏನಿದೆ, ಬಟನ್ ಒತ್ತಿದರು, ಕನಿಷ್ಠ ಬಾಡಿಗೆ 31 ಬಂತು. ಮೊದಲೆಲ್ಲ ಕಾರಿನ ಹೊರಗೆ ಎಡಗಡೆ ಕಬ್ಬಿಣದ ಪೆಟ್ಟಿಗೆ ಇತ್ತು, ಅದರ ಬಾವುಟ ತಿರುಗಿಸುತ್ತಿದ್ದರು. ಇಳಿದ ಮೇಲೆ ಡ್ರೈವರ್ ದರದ ಕಾರ್ಡು ತೆಗೆದು ಲೆಕ್ಕ ತೋರಿಸಬೇಕು, ನಾವು ಅನುಮಾನದಿಂದ ಬಗ್ಗಿ ನೋಡಬೇಕು. ಅದೆಲ್ಲ ಹಳೇ ಪದ್ಮಿನಿ ಕಾರುಗಳ ಕಾಲದ ಮಾತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಆಯುಸ್ಸು. ಚಾಚಾ ಅದನ್ನೂ ಓಡಿಸಿದವರಂತೆ. "ಅದರ ಗೇರು ಹಾಕಿ ಹಾಕಿ ಈ ಭುಜ ಹೋಯ್ತು" ಎಂದು ಹಿಂದಿಯಲ್ಲಿ ಹೇಳಿ ಎಡಭುಜ ತಟ್ಟಿದರು. ದೊಡ್ಡಮ್ಮನಿಗೆ ಹಿಂದಿ ಬರುವುದಿಲ್ಲ. ಆದರೂ ತಮ್ಮ ಮಂಡಿ ತಟ್ಟಿ ತೋರಿಸಿದರು. ಆಮೇಲೆ ಲಾಲ್‌ಬಾಗ್ ತನಕ ಇಬ್ಬರೂ ಅವರವರ ಭಾಷೆಯಲ್ಲಿ ನೋವಿನ ಎಣ್ಣೆಗಳ ಬಗ್ಗೆ ಮಾತಾಡಿದರು. ಮೀಟರ್ 274.

ಈಗ ರಾತ್ರಿ ಹತ್ತೂವರೆ. ಇಲ್ಲಿ ಬರೆಯುತ್ತಾ ಕೂತಿದ್ದರೆ ದೊಡ್ಡಮ್ಮ ಮಂಡಿಗೆ ಎಣ್ಣೆ ತಿಕ್ಕುತ್ತಾ ಒಳಗಿಂದ ಕೇಳುತ್ತಿದ್ದಾರೆ: "ನಾಳೆ ಭಾನುವಾರ ಅಲ್ವಾ? ಆ ಹುಡುಗ್ರಿಗೆ ಕಾಲೇಜಿರೂದಿಲ್ಲ. ಬೇಗ ಹೋದ್ರೆ ಎದುರು ಸೀಟು ಸಿಕ್ಕೀತಾ?"