ಚುಕ್ಕಿ ಮಾಯವಾದ ಮೇಲೆ

ನನ್ನ ಉಪ್ಪುನೀರಿನ ಟ್ಯಾಂಕಿಗೆ ಪೌಡರ್ ಬ್ಲೂ ಟ್ಯಾಂಗ್ ಎಂಬ ಮೀನು ಬಂದ ಮೂರನೆಯ ಬೆಳಿಗ್ಗೆ ಅದರ ಎದೆಯ ರೆಕ್ಕೆಯ ಮೇಲೆ ಆರು ಬಿಳಿ ಚುಕ್ಕಿಗಳಿದ್ದವು. ಒಂದೊಂದೂ ಬಿಡಿಬಿಡಿಯಾಗಿ, ಎಣಿಸಬಹುದಾದಷ್ಟು ಸ್ಪಷ್ಟವಾಗಿದ್ದವು. ಮೀನು ಮಾರಿದ ಅಂಗಡಿಗೆ ಫೋನ್ ಮಾಡಿದೆ. "ಬೆಳ್ಳುಳ್ಳಿ ರಸದಲ್ಲಿ ಫುಡ್ ನೆನೆಸಿ ಹಾಕಿ ಸಾರ್, ನಾಲ್ಕು ದಿನದಲ್ಲಿ ಚುಕ್ಕಿ ಒಂದೂ ಇರಲ್ಲ" ಎಂದರು. ನಾಲ್ಕನೆಯ ದಿನ ಚುಕ್ಕಿ ಒಂದೂ ಇರಲಿಲ್ಲ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಮುಂದಿನ ಹತ್ತು ದಿನ ಮನೆಗೆ ಬಂದವರಿಗೆಲ್ಲ ನಾನು ಬೆಳ್ಳುಳ್ಳಿಯ ಮಹಿಮೆಯನ್ನು ವರ್ಣಿಸಿದೆ. ಆಮೇಲೆ ಒಂದು ದಿನ ಬೆಳಿಗ್ಗೆ ದೀಪ ಹಾಕಿದಾಗ ಟ್ಯಾಂಕಿನ ಏಳೂ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಚುಕ್ಕಿಗಳು ತುಂಬಿದ್ದವು. ಆ ವಾರದಲ್ಲಿ ಮೂರು ಮೀನುಗಳು ಸತ್ತವು. ಮೊದಲು ಹೋದದ್ದು ಟ್ಯಾಂಗ್.

ಬೆಳ್ಳುಳ್ಳಿಗೆ ಆ ಕೀರ್ತಿ ಹೇಗೆ ಬಂತು ಎಂಬುದನ್ನು ತಿಳಿದುಕೊಂಡ ದಿನವೇ ನನಗೆ ಈ ರೋಗ ಅರ್ಥವಾಯಿತು ಎನ್ನಬೇಕು. ಬಿಳಿ ಚುಕ್ಕಿ ರೋಗವನ್ನು ತರುವುದು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರಾವಲಂಬಿ. ಸಿಹಿನೀರಿನ ಮೀನುಗಳಿಗೆ ಬರುವ ಬಿಳಿ ಚುಕ್ಕಿಗೂ ಇದಕ್ಕೂ ನೋಟದಲ್ಲಿ, ಬದುಕಿನ ಕ್ರಮದಲ್ಲಿ ಹೋಲಿಕೆ ಇದೆ, ಅಷ್ಟೇ. ಎರಡೂ ಬೇರೆ ಬೇರೆ ಜೀವಿಗಳಾದ್ದರಿಂದ, ನೀರಿನ ಉಷ್ಣತೆ ಏರಿಸಿ ಗೋಲ್ಡ್‌ಫಿಶ್ ಉಳಿಸಿಕೊಂಡವರು ಇಲ್ಲಿಯೂ ಅದನ್ನೇ ಮಾಡಹೋದರೆ ಪರಾವಲಂಬಿಗೆ ಉಪಕಾರವಾಗುತ್ತದೆಯೇ ಹೊರತು ಮೀನಿಗಲ್ಲ. ಕ್ರಿಪ್ಟೋಕ್ಯಾರಿಯಾನ್ ಮೀನಿನ ಚರ್ಮದೊಳಗೆ ಹೊಕ್ಕು 3ರಿಂದ 7 ದಿನ ಅಲ್ಲಿನ ಜೀವಕೋಶಗಳನ್ನು ತಿಂದು ದಪ್ಪವಾಗುತ್ತದೆ. ನಮ್ಮ ಕಣ್ಣಿಗೆ ಚುಕ್ಕಿಯಾಗಿ ಕಾಣುವುದು ಈ ಹಂತ ಒಂದೇ. ಹೊಟ್ಟೆ ತುಂಬಿದ ಮೇಲೆ ಅದು ತಾನಾಗಿಯೇ, ಹೆಚ್ಚಾಗಿ ಕತ್ತಲಿನ ವೇಳೆಯಲ್ಲಿ, ಮೀನನ್ನು ಬಿಟ್ಟು ತಳಕ್ಕೆ ಇಳಿದು ಮರಳಿಗೋ ಕಲ್ಲಿಗೋ ಅಂಟಿಕೊಂಡು ಗಟ್ಟಿಯಾದ ಕೋಶ ಕಟ್ಟುತ್ತದೆ. ಆ ಕೋಶದೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಕ್ಕೂ ಮಿಕ್ಕಿದ ಮರಿಗಳಾಗುತ್ತವೆ. ಕೆಲವು ಕೋಶಗಳು ಮೂರೇ ದಿನಕ್ಕೆ ಒಡೆಯುತ್ತವೆ, ಬಹುಪಾಲು ನಾಲ್ಕು ವಾರದೊಳಗೆ ಒಡೆಯುತ್ತವೆ, ಅಪರೂಪಕ್ಕೆ 72 ದಿನ ಕಾದು ಒಡೆದದ್ದೂ ದಾಖಲಾಗಿದೆ. ಹೊರಬಿದ್ದ ಮರಿಗಳು ಒಂದೆರಡು ದಿನದೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಆದರೆ ನಾಲ್ಕು ಗಾಜಿನ ಗೋಡೆಗಳ ನಡುವೆ ಮೀನು ಎಲ್ಲಿಗೆ ಓಡಬೇಕು?

ಅಂದರೆ ಚುಕ್ಕಿ ಯಾವ ಔಷಧವೂ ಇಲ್ಲದೆ ವಾರದೊಳಗೆ ಮಾಯವಾಗಲೇಬೇಕು. ಆ ನಾಲ್ಕು ದಿನದಲ್ಲಿ ನೀವು ಬೆಳ್ಳುಳ್ಳಿ ಹಾಕಿದ್ದರೆ ಬೆಳ್ಳುಳ್ಳಿಗೆ, ಶುಂಠಿ ಹಾಕಿದ್ದರೆ ಶುಂಠಿಗೆ, "ರೀಫ್ ಸೇಫ್" (ಹವಳಕ್ಕೆ ಅಪಾಯವಿಲ್ಲ) ಎಂದು ಬರೆದ ಬಾಟಲಿ ಸುರಿದಿದ್ದರೆ ಆ ಬಾಟಲಿಗೆ ಯಶಸ್ಸು ಸಲ್ಲುತ್ತದೆ. ಉಪ್ಪುನೀರಿನ ಹವ್ಯಾಸದಲ್ಲಿ ನಾನು ಕಂಡ ಮನೆಮದ್ದುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಹೀಗೆ ಪುಕ್ಕಟೆಯಾಗಿ ಹೆಸರು ಗಳಿಸಿದವು ಎಂಬುದು ನನ್ನ ಅನಿಸಿಕೆ. ಬೆಳ್ಳುಳ್ಳಿಯ ವಾಸನೆಗೆ ಕೆಲವು ಮೀನುಗಳು ಆಹಾರಕ್ಕೆ ಬಾಯಿ ಹಾಕುತ್ತವೆ ಎಂಬಷ್ಟನ್ನು ನಾನು ಇಂದಿಗೂ ಒಪ್ಪುತ್ತೇನೆ. ಅದರಾಚೆಗೆ ಅದು ಒಗ್ಗರಣೆಗೇ ಇರಲಿ.

ರೋಗ ಗುರುತಿಸುವಾಗ ಮೊದಲು ನೋಡಬೇಕಾದದ್ದು ಚರ್ಮವಲ್ಲ, ಉಸಿರು. ಕಿವಿರಿನ ಮುಚ್ಚಳ ಒಂದು ನಿಮಿಷಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂಬುದನ್ನು ಮೀನು ಆರೋಗ್ಯವಾಗಿರುವಾಗಲೇ ಎಣಿಸಿ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಜಾತಿಯಿಂದ ಜಾತಿಗೆ ಆ ಲೆಕ್ಕ ಬೇರೆಯಾಗುತ್ತದೆ. ನನ್ನ ಕ್ಲೌನ್‌ಫಿಶ್‌ಗಳದ್ದು ಸಾಮಾನ್ಯವಾಗಿ 70ರ ಆಸುಪಾಸು. ಆ ಕೆಟ್ಟ ವಾರದಲ್ಲಿ 130 ದಾಟಿತ್ತು. ಪರಾವಲಂಬಿಗಳಿಗೆ ಕಿವಿರಿನಷ್ಟು ಮೃದುವಾದ, ರಕ್ತ ತುಂಬಿದ ಜಾಗ ಮತ್ತೊಂದಿಲ್ಲ. ಆದ್ದರಿಂದ ಅನೇಕ ಸಲ ಮೈಮೇಲೆ ಏನೂ ಕಾಣುವ ಮೊದಲೇ ಕಿವಿರು ಹಾಳಾಗಿರುತ್ತದೆ. ಸಮುದ್ರದ ನೀರು ಅದೇ ಉಷ್ಣತೆಯ ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದೂ ಸೇರಿಕೊಂಡರೆ, ಮೀನು ಪಂಪಿನ ಬಾಯಿಗೆ ಮುಖವೊಡ್ಡಿ ನಿಂತಿರುವುದೇಕೆ ಎಂದು ತಿಳಿಯುತ್ತದೆ. ಆದರೆ ಏದುಸಿರಿಗೆ ಅಮೋನಿಯಾ ಕೂಡ ಕಾರಣವಾಗಬಹುದಾದ್ದರಿಂದ ಔಷಧದ ಡಬ್ಬಿಗೆ ಕೈಹಾಕುವ ಮೊದಲು ನೀರಿನ ಪರೀಕ್ಷೆ ಆಗಲೇಬೇಕು.

ಚರ್ಮದ ವಿಷಯಕ್ಕೆ ಬಂದರೆ, ಅಡುಗೆಮನೆಯ ಭಾಷೆಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ರವೆಯಂತೆ ಬಿಡಿಬಿಡಿಯಾಗಿ ಕಂಡರೆ ಕ್ರಿಪ್ಟೋಕ್ಯಾರಿಯಾನ್. ಜರಡಿ ಹಿಡಿದ ಹಿಟ್ಟನ್ನು ಮೈಮೇಲೆ ಊದಿದಂತೆ, ಓರೆ ಬೆಳಕಿನಲ್ಲಿ ಮಾತ್ರ ಹೊಂಬಣ್ಣದ ಧೂಳಾಗಿ ಕಂಡರೆ ವೆಲ್ವೆಟ್ ಎಂಬ ರೋಗ. ಗಂಜಿ ಬಳಿದು ಒಣಗಿಸಿದಂತೆ ತೇಪೆ ತೇಪೆಯಾಗಿ ಲೋಳೆ ಎದ್ದು, ಪದರವಾಗಿ ಕಳಚುತ್ತಿದ್ದರೆ ಬ್ರೂಕ್ಲಿನೆಲ್ಲಾ ಎಂಬ ಇನ್ನೊಂದು ಏಕಕೋಶ ಪರಾವಲಂಬಿ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನ ತುಣುಕಿನಂತೆ ಗಂಟು ಕಟ್ಟಿದ್ದರೆ ಅದು ಲಿಂಫೋಸಿಸ್ಟಿಸ್ ಎಂಬ ವೈರಸ್‌ನ ಕೆಲಸ. ಅದಕ್ಕೆ ಔಷಧವಿಲ್ಲ, ಬೇಕಾಗಿಯೂ ಇಲ್ಲ, ಒಳ್ಳೆಯ ಆಹಾರ ಮತ್ತು ನೆಮ್ಮದಿ ಸಿಕ್ಕರೆ ಬಹುತೇಕ ತಾನಾಗಿ ಹೋಗುತ್ತದೆ.

ಇವುಗಳಲ್ಲಿ ನಾನು ಹೆಚ್ಚು ಹೆದರುವುದು ವೆಲ್ವೆಟ್‌ಗೆ. ಅಮೈಲೋಊಡಿನಿಯಮ್ ಒಸೆಲೇಟಮ್ ಎಂಬ ಈ ಜೀವಿ ಡೈನೋಫ್ಲಾಜೆಲ್ಲೇಟ್ ಎಂಬ ಏಕಕೋಶ ಜೀವಿಗಳ ಗುಂಪಿಗೆ ಸೇರಿದ್ದು. ಒಂದು ಕೋಶ ಒಡೆದರೆ 256ರವರೆಗೆ ಮರಿಗಳು ಹೊರಬರುತ್ತವೆ, ಅವು ಮೊದಲು ಹುಡುಕುವುದು ಕಿವಿರನ್ನೇ. ನಿನ್ನೆ ಸಂಜೆ ಚೆನ್ನಾಗಿ ತಿಂದ ಮೀನು ಇಂದು ಬೆಳಿಗ್ಗೆ ಬೆಳಕಿಗೆ ಬೆನ್ನು ಹಾಕಿ, ಬಾಯಿ ತೆರೆದು ಏದುಸಿರು ಬಿಡುತ್ತಾ ನಿಂತಿದ್ದರೆ, ಮೈಮೇಲೆ ಏನೂ ಕಾಣದಿದ್ದರೂ ವೆಲ್ವೆಟ್ ಎಂದೇ ಭಾವಿಸಿ ಅಂದೇ ಚಿಕಿತ್ಸೆ ಆರಂಭಿಸುವುದು ಲೇಸು. ಧೂಳು ಕಾಣಲಿ ಎಂದು ಕಾದರೆ ಎರಡು ಮೂರು ದಿನದಲ್ಲಿ ಟ್ಯಾಂಕು ಖಾಲಿಯಾಗುತ್ತದೆ. ಮಲೇರಿಯಾ ರೋಗಾಣುವಿಗೂ ಡೈನೋಫ್ಲಾಜೆಲ್ಲೇಟ್‌ಗಳಿಗೂ ವಂಶವೃಕ್ಷದಲ್ಲಿ ದಾಯಾದಿ ಸಂಬಂಧವಿದೆ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ಲೋರೋಕ್ವಿನ್ ಫಾಸ್ಫೇಟ್ ವೆಲ್ವೆಟ್ ಮೇಲೂ ಪರಿಣಾಮ ಮಾಡುತ್ತದೆ ಎಂದು ಓದಿದಾಗ ನನಗೆ ಈ ನಂಟು ನೆನಪಾಗಿ ವಿಚಿತ್ರ ಸಂತೋಷವಾಯಿತು. ಆದರೆ ಅದಕ್ಕೆ ಶುದ್ಧ ಪುಡಿಯೇ ಬೇಕು. ಮೆಡಿಕಲ್ ಶಾಪಿನ ಮಾತ್ರೆಯನ್ನು ಕುಟ್ಟಿ ಹಾಕಿದರೆ ಔಷಧದ ಜೊತೆಗೆ ಅದರ ಪಿಷ್ಟ, ಬಣ್ಣಗಳೂ ನೀರಿಗೆ ಸೇರಿ ನೀರು ಕೆಡುತ್ತದೆ.

ನನ್ನ ಮುಖ್ಯ ಅಸ್ತ್ರ ತಾಮ್ರ. ಅದರ ಬಗ್ಗೆ ತಿಳಿದಿರಬೇಕಾದ ಮೊದಲ ಸಂಗತಿ ಎಂದರೆ, ಅದು ಮೀನಿನ ಮೈಯಲ್ಲಿರುವ ಚುಕ್ಕಿಯನ್ನಾಗಲಿ ಕಲ್ಲಿಗಂಟಿದ ಕೋಶವನ್ನಾಗಲಿ ಮುಟ್ಟುವುದಿಲ್ಲ, ಕೋಶ ಒಡೆದು ಈಜುತ್ತಾ ಹೊರಟ ಮರಿಯನ್ನು ಮಾತ್ರ ಕೊಲ್ಲುತ್ತದೆ. ಆದ್ದರಿಂದ ಕೋಶಗಳು ಒಡೆಯುವಷ್ಟು ಕಾಲವೂ, ಎಂದರೆ ಸುಮಾರು 30 ದಿನ, ಪ್ರಮಾಣ ಒಂದು ದಿನವೂ ಕೆಳಗಿಳಿಯದಂತೆ ಕಾಯಬೇಕಾಗುತ್ತದೆ. ಅಯಾನು ರೂಪದ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಕಾಪರ್ ಪವರ್ ಎಂಬ ಔಷಧದಲ್ಲಿರುವಂತೆ ಬೇರೆ ರಾಸಾಯನಿಕದೊಂದಿಗೆ ಕಟ್ಟಿಹಾಕಿದ ತಾಮ್ರವಾದರೆ 2.0ರಿಂದ 2.5 ಮಿಲಿಗ್ರಾಂ. ಈ ಎರಡು ಲೆಕ್ಕಗಳ ನಡುವೆ ಹತ್ತು ಪಟ್ಟಿಗೂ ಹೆಚ್ಚಿನ ಅಂತರವಿರುವುದರಿಂದ ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದವನು ಒಂದೋ ಮೀನನ್ನು ಕೊಲ್ಲುತ್ತಾನೆ, ಇಲ್ಲವೇ ರೋಗವನ್ನು ಸಾಕುತ್ತಾನೆ. ಬಣ್ಣ ಹೋಲಿಸಿ ನೋಡುವ ಅಗ್ಗದ ಕಿಟ್‌ನಲ್ಲಿ 0.15ಕ್ಕೂ 0.20ಕ್ಕೂ ಇರುವಂಥ ಸಣ್ಣ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಅಂಕಿ ತೋರಿಸುವ ಪುಟ್ಟ ಮೀಟರಿಗೆ ಹಣ ಹಾಕುವುದಕ್ಕೆ ನಾನು ಎರಡು ವರ್ಷ ಹಿಂದೆಮುಂದೆ ನೋಡಿದೆ, ಅದೇ ಹಣದಲ್ಲಿ ಅಷ್ಟರೊಳಗೆ ಎಷ್ಟು ಮೀನುಗಳನ್ನು ಕೊಂಡು ಕಳೆದುಕೊಂಡೆ ಎಂಬ ಲೆಕ್ಕ ಬೇಡ.

ತಾಮ್ರವನ್ನು ಮುಖ್ಯ ಟ್ಯಾಂಕಿಗೆ ಸುರಿಯುವಂತಿಲ್ಲ. ಸಿಗಡಿ, ಏಡಿ, ಬಸವನಹುಳು, ಹವಳ ಎಲ್ಲಕ್ಕೂ ಅದು ವಿಷ. ಮರಳು ಮತ್ತು ಸುಣ್ಣಕಲ್ಲು ಅದನ್ನು ಹೀರಿಕೊಂಡು ಅಳತೆಯನ್ನೇ ಕೆಡಿಸುತ್ತವೆ. ಆದ್ದರಿಂದ ಮೀನುಗಳನ್ನೆಲ್ಲ ಹಿಡಿದು ಬರಿದಾದ ಗಾಜಿನ ಬೇರೆ ಟ್ಯಾಂಕಿಗೆ ಸಾಗಿಸಬೇಕು. ನನ್ನದು 80 ಲೀಟರಿನದು. ತಳದಲ್ಲಿ ಮರಳಿಲ್ಲ, ಅಡಗಲು ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪಿನ ತುಂಡುಗಳು, ಒಂದು ಸ್ಪಂಜ್ ಫಿಲ್ಟರ್, ಒಂದು ಏರ್ ಸ್ಟೋನ್. ತಾಮ್ರವನ್ನು ಒಂದೇ ದಿನಕ್ಕೆ ಪೂರ್ಣ ಪ್ರಮಾಣಕ್ಕೆ ಏರಿಸದೆ ಎರಡು ಮೂರು ದಿನಗಳಲ್ಲಿ ಏರಿಸುತ್ತೇನೆ, ಮೀನು ಆಹಾರ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ ಕಾಯುತ್ತೇನೆ. ವೆಲ್ವೆಟ್ ಎಂದು ಖಚಿತವಾದಾಗ ಮಾತ್ರ ಅಷ್ಟು ಪುರುಸೊತ್ತು ಸಿಗುವುದಿಲ್ಲ. ಅಮೋನಿಯಾ ಏರಿದರೆ ನೀರು ಬದಲಿಸುವುದೇ ದಾರಿ. ಅಮೋನಿಯಾ ಕಟ್ಟಿಹಾಕುವ ದ್ರಾವಣಗಳನ್ನು ತಾಮ್ರದ ಜೊತೆ ಬೆರೆಸಿದರೆ ತಾಮ್ರ ಇನ್ನಷ್ಟು ವಿಷಕಾರಿಯಾಗುತ್ತದೆ.

ಇತ್ತ, ಅತಿ ತಡವಾಗಿ ಒಡೆಯುವ ಕೋಶಗಳ ಮರಿಗಳೂ ಮೀನು ಸಿಗದೆ ಸಾಯಲೆಂದು, ಮುಖ್ಯ ಟ್ಯಾಂಕು 76 ದಿನ ಮೀನಿಲ್ಲದೆ ಇರಬೇಕು. ಎರಡೂವರೆ ತಿಂಗಳು ಕಲ್ಲನ್ನೂ ಸಿಗಡಿಯನ್ನೂ ನೋಡುತ್ತಾ ಕೂರುವುದು ಸುಲಭವಲ್ಲ. "ನೀರಿಗೆ ಇಷ್ಟು ಕರೆಂಟು ಯಾಕೆ?" ಎಂದು ಅಮ್ಮ ದಿನವೂ ಕೇಳುತ್ತಿದ್ದರು. ಔಷಧವೇ ಬೇಡ ಎನ್ನುವವರಿಗೆ ಕ್ರಿಪ್ಟೋಕ್ಯಾರಿಯಾನ್ ಮಟ್ಟಿಗೆ ಇನ್ನೊಂದು ದಾರಿಯಿದೆ: ಮೂರು ದಿನಕ್ಕೊಮ್ಮೆ, ತೊಳೆದು ಒಣಗಿಸಿದ ಬೇರೊಂದು ಟ್ಯಾಂಕಿಗೆ ಮೀನನ್ನು ವರ್ಗಾಯಿಸುತ್ತಾ, ಹೀಗೆ ನಾಲ್ಕು ಸಲ ಮಾಡಿದರೆ, ಉದುರಿದ ಕೋಶಗಳು ಒಡೆಯುವ ಮೊದಲೇ ಮೀನು ಅಲ್ಲಿಂದ ಜಾಗ ಖಾಲಿ ಮಾಡಿರುತ್ತದೆ. ವೆಲ್ವೆಟ್‌ಗೆ ಇದು ನಡೆಯುವುದಿಲ್ಲ. ಉಪ್ಪು ಕಡಿಮೆ ಮಾಡಿ ನೀರಿನ ಸಾಪೇಕ್ಷ ಸಾಂದ್ರತೆಯನ್ನು 1.025ರಿಂದ 1.009ಕ್ಕೆ ಇಳಿಸಿ ವಾರಗಟ್ಟಲೆ ಇಡುವ ವಿಧಾನಕ್ಕೂ ವೆಲ್ವೆಟ್ ಜಗ್ಗುವುದಿಲ್ಲ.

ಬ್ರೂಕ್ಲಿನೆಲ್ಲಾಗೆ ತಾಮ್ರವೂ ನಾಟುವುದಿಲ್ಲ. ಸಮುದ್ರದಿಂದ ಹಿಡಿದು ತಂದ ಕ್ಲೌನ್‌ಫಿಶ್‌ಗಳಲ್ಲಿ ಇದು ಎಷ್ಟು ಸಾಮಾನ್ಯ ಎಂದರೆ ಇದಕ್ಕೆ ಕ್ಲೌನ್‌ಫಿಶ್ ರೋಗವೆಂದೇ ಹೆಸರು. ಫಾರ್ಮಲಿನ್ ಸ್ನಾನ ಇದರ ಹಳೆಯ ಚಿಕಿತ್ಸೆ. ಆದರೆ ಅದು ಕ್ಯಾನ್ಸರ್‌ಕಾರಕ ರಾಸಾಯನಿಕವಾದ್ದರಿಂದ ಕೈಗವಸು, ತೆರೆದ ಕಿಟಕಿ ಇಲ್ಲದೆ ಬಾಟಲಿಯ ಮುಚ್ಚಳ ತೆಗೆಯಬಾರದು. ನಾನು ಅದನ್ನು ಬಾಲ್ಕನಿಯಲ್ಲಿ ಮಾತ್ರ ಬಳಸುತ್ತೇನೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದ ಗೆಳೆಯನೊಬ್ಬ ಮೀನಿನ ಮೈಯ ಲೋಳೆಯನ್ನು ಗಾಜಿನ ಪಟ್ಟಿಯ ಅಂಚಿನಿಂದ ಹಗುರವಾಗಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಕಲಿಸಿಕೊಟ್ಟ ಮೇಲೆ ನನ್ನ ಊಹೆಗಳಲ್ಲಿ ಬಹಳಷ್ಟು ತಪ್ಪಿದ್ದವು ಎಂದು ತಿಳಿಯಿತು. ಕ್ರಿಪ್ಟೋಕ್ಯಾರಿಯಾನ್ ಕಪ್ಪು ಗುಂಡಿನಂತೆ ನಿಧಾನವಾಗಿ ತನ್ನ ಸುತ್ತಲೇ ತಿರುಗುತ್ತದೆ. ಬ್ರೂಕ್ಲಿನೆಲ್ಲಾ ಅವರೆಬೇಳೆಯ ಆಕಾರದಲ್ಲಿ ಜಾರುತ್ತಾ ಸಾಗುತ್ತದೆ.

ಬರಿಗಣ್ಣಿಗೆ ಕಾಣದೆ ವರ್ಷಗಟ್ಟಲೆ ನನ್ನನ್ನು ಯಾಮಾರಿಸಿದ್ದು ನಿಯೊಬೆನೆಡೀನಿಯಾ ಎಂಬ ಚಪ್ಪಟೆ ಹುಳು. ಅದು ಪಾರದರ್ಶಕ, ಮೀನು ಕಲ್ಲಿಗೆ ಮೈ ಉಜ್ಜುವುದು, ಕಣ್ಣು ಮಸುಕಾಗುವುದು ಬಿಟ್ಟರೆ ಬೇರೆ ಸುಳಿವಿಲ್ಲ. ಇದನ್ನು ಪತ್ತೆ ಮಾಡಲು ಸಿಹಿನೀರಿನ ಸ್ನಾನಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಆರ್‌ಓ ನೀರನ್ನು ಕಪ್ಪು ಬಕೆಟ್ಟಿಗೆ ತುಂಬಿ, ಅಡುಗೆ ಸೋಡಾ ಹಾಕಿ ಪಿಎಚ್ ಅನ್ನು ಟ್ಯಾಂಕಿನ ಮಟ್ಟಕ್ಕೆ ತಂದು, ಉಷ್ಣತೆ ಸರಿಹೊಂದಿಸಿ, ಒಂದು ಗಂಟೆ ಗಾಳಿ ಹಾಯಿಸಿ, ಐದು ನಿಮಿಷ ಮೀನನ್ನು ಅದರಲ್ಲಿ ಬಿಡುತ್ತೇನೆ. ಮೊದಲ ನಿಮಿಷದಲ್ಲಿ ಮೀನು ಮಗ್ಗುಲಾಗಿ ಮಲಗಿಬಿಡುವುದುಂಟು, ಎದೆ ಧಸಕ್ಕೆನ್ನುತ್ತದೆ. ಕಿವಿರು ಆಡುತ್ತಿದ್ದರೆ ಕಾಯಬಹುದು. ಎರಡನೆಯ ನಿಮಿಷಕ್ಕೆ ಮೈಮೇಲೆ ಅಲ್ಲಲ್ಲಿ ಬಿಳಿ ಮೂಡುತ್ತದೆ. ಉಪ್ಪಿಲ್ಲದ ನೀರು ಹುಳುವಿನ ಮೈಗೆ ನುಗ್ಗಿ ಅದು ಬೆಳ್ಳಗಾಗಿ ಉಬ್ಬುತ್ತಿರುತ್ತದೆ. ಆಮೇಲೆ ಎಳ್ಳಿನ ಕಾಳಿನಂಥ ಬಿಲ್ಲೆಗಳು ಒಂದೊಂದಾಗಿ ಕಳಚಿ, ಕಪ್ಪು ತಳದ ಮೇಲೆ ಬೀಳುತ್ತವೆ. ಚಿಕಿತ್ಸೆಗೆ ಲೀಟರಿಗೆ 2.5 ಮಿಲಿಗ್ರಾಂ ಪ್ರಾಜಿಕ್ವಾಂಟೆಲ್ ಎಂಬ ಹುಳುನಾಶಕ. ಅದು ಮೊಟ್ಟೆಗಳನ್ನು ಕೊಲ್ಲುವುದಿಲ್ಲವಾದ್ದರಿಂದ ವಾರದ ನಂತರ ಮತ್ತೊಮ್ಮೆ ಹಾಕಲೇಬೇಕು.

ಈಗ 80 ಲೀಟರಿನ ಟ್ಯಾಂಕಿನಲ್ಲಿ ಹೊಸದಾಗಿ ತಂದ ಒಂದು ಪುಟ್ಟ ಬಟರ್‌ಫ್ಲೈ ಮೀನಿದೆ, ಇಂದಿಗೆ ಹನ್ನೊಂದನೆಯ ದಿನ. ಮೈ ನುಣುಪಾಗಿದೆ, ಚುಕ್ಕಿ ಒಂದೂ ಇಲ್ಲ, ಉಸಿರು ನಿಮಿಷಕ್ಕೆ 84. ಮೊನ್ನೆಯ ಸಿಹಿನೀರಿನ ಸ್ನಾನದಲ್ಲಿ ಬಕೆಟ್ಟಿನ ತಳಕ್ಕೆ ಒಂಬತ್ತು ಬಿಲ್ಲೆಗಳು ಬಿದ್ದವು. ಪ್ರಾಜಿಕ್ವಾಂಟೆಲ್‌ನ ಎರಡನೆಯ ಸರದಿ ಬರುವ ಗುರುವಾರ.