ಶಂಖಪುಷ್ಪದ ಬೀಜ ಹುಟ್ತಾ ಇಲ್ವಾ? ಸ್ವಲ್ಪ ಉಜ್ಜಿ ನೋಡಿ

ಮೊದಲನೇ ಸಲ ಶಂಖಪುಷ್ಪದ ಬೀಜ ಹಾಕಿದಾಗ 10ರಲ್ಲಿ ಎರಡೇ ಎರಡು ಹುಟ್ಟಿದ್ವು. ಮೂರು ವಾರ ಕಾದೆ, ಮಣ್ಣು ಒಣಗದ ಹಾಗೆ ನೋಡ್ಕೊಂಡೆ, ಆಮೇಲೆ ಬೀಜಾನೇ ಸರಿ ಇಲ್ಲ ಅನ್ಕೊಂಡು ಆ ಪಾಟ್‌ನ ಮಣ್ಣು ಕೆದಕಿದ್ರೆ ಉಳಿದಿದ್ದರಲ್ಲಿ ಐದು ಬೀಜ ಹಾಕಿದ ಹಾಗೇ ಕೈಗೆ ಸಿಕ್ಕವು. ಕೊಳೆತಿಲ್ಲ, ಉಬ್ಬಿಲ್ಲ, ಉಗುರಲ್ಲಿ ಒತ್ತಿದ್ರೆ ಕಲ್ಲು. ಮೂರು ವಾರ ಒದ್ದೆ ಮಣ್ಣಲ್ಲಿ ಮಲಗಿದ್ರೂ ಒಳಗೆ ನೀರೇ ಹೋಗಿರ್ಲಿಲ್ಲ!

ಆಮೇಲೆ ಓದಿ ತಿಳ್ಕೊಂಡೆ, ಈ ಬಳ್ಳಿ ಅವರೆ, ಹುರುಳಿ, ಬಟಾಣಿ ಇವೆಲ್ಲ ಸೇರೋ ಕುಟುಂಬದ್ದೇ, ಆ ಕುಟುಂಬದಲ್ಲಿ ಕಾಡಲ್ಲಿ ತಾನಾಗೇ ಬೆಳೆಯೋ ಎಷ್ಟೋ ಗಿಡಗಳ ಬೀಜದ ಸಿಪ್ಪೆ ನೀರನ್ನ ಒಳಗೆ ಬಿಡೋದೇ ಇಲ್ಲ. ಒಂದೇ ಮಳೆಗೆ ಎಲ್ಲಾ ಬೀಜ ಹುಟ್ಟಿಬಿಟ್ಟು ಆಮೇಲೆ ಬಿಸಿಲಿಗೆ ಎಲ್ಲಾ ಸತ್ತೋದ್ರೆ ವಂಶಾನೇ ಹೋಯ್ತಲ್ಲ, ಅದಕ್ಕೆ ಕೆಲವು ಈಗ, ಕೆಲವು ಮುಂದಿನ ಮಳೆಗೆ, ಇನ್ನು ಕೆಲವು ಅದರಾಚೆ. ಇದು ಗೊತ್ತಾದ ಮೇಲೆ ಆ ಐದು ಬೀಜದ ಮೇಲೆ ನಂಗೆ ತುಂಬಾ ಗೌರವ ಬಂತು.

ಈಗ ನಾನು ಮಾಡೋದು ಇಷ್ಟು. ಬೀಜದ ಒಂದು ಪಕ್ಕದಲ್ಲಿ ಕಾಯಿಗೆ ಅಂಟ್ಕೊಂಡಿದ್ದ ಗುರುತು, ಅಂದ್ರೆ ಬೀಜದ ಕಣ್ಣು ಇರುತ್ತೆ. ಅದನ್ನ ಮುಟ್ಟದೆ ಎದುರುಗಡೆ ಬದಿನ ಸ್ಯಾಂಡ್ ಪೇಪರ್ ಮೇಲೆ ಮೆಲ್ಲಗೆ ಉಜ್ಜಬೇಕು, ಕಪ್ಪು ಸಿಪ್ಪೆ ಹೋಗಿ ಒಳಗಿನ ತಿಳಿ ಬಣ್ಣ ಚೂರು ಕಂಡ ತಕ್ಷಣ ನಿಲ್ಲಿಸಿಬಿಡಿ. ಜಾಸ್ತಿ ಉಜ್ಜಿದ್ರೆ ಒಳಗಿನ ಬೇಳೆಗೆ ಗಾಯ ಆಗುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಒಂದು ರಾತ್ರಿ ನೆನೆಹಾಕಿ, ಬೆಳಗ್ಗೆ ಉಬ್ಬಿರೋದನ್ನ ಬಿತ್ತಿ, ಉಬ್ಬದೇ ಇರೋದನ್ನ ಇನ್ನೊಂದ್ಸಲ ಉಜ್ಜಿ. ಆದ್ರೆ ಎರಡು ಮೂರು ದಿನ ನೀರಲ್ಲೇ ಬಿಟ್ರೆ ಉಸಿರು ಕಟ್ಟಿ ಕೊಳೆಯುತ್ತೆ. ಆಳ ಒಂದು ಸೆಂಟಿಮೀಟರ್ ಸಾಕು, ಮಣ್ಣು ಬೆಚ್ಚಗಿದ್ರೆ ಒಂದೆರಡು ವಾರದಲ್ಲಿ ಮೇಲೆ ಬರುತ್ತೆ. ಆ ಐದರಲ್ಲಿ ನಾಲ್ಕನ್ನ ಹೀಗೆ ಉಜ್ಜಿ ಹಾಕಿದ್ದಕ್ಕೆ ನಾಲ್ಕೂ ಹುಟ್ಟಿದ್ವು, ಮೊದಲನೇದು ಐದನೇ ದಿನಕ್ಕೇ ಮಣ್ಣು ಎತ್ತಿತ್ತು. ಐದನೇ ಬೀಜದ ಕಥೆ ಕೊನೆಗೆ ಹೇಳ್ತೀನಿ.

ತಾಯಿಬೇರು ನೇರ ಕೆಳಗಿಳಿಯುತ್ತೆ, ಕಿತ್ತು ನೆಟ್ರೆ ಮುನಿಸ್ಕೊಳುತ್ತೆ. ಅದಕ್ಕೆ ಎಲ್ಲಿ ಬೆಳೀಬೇಕೋ ಅಲ್ಲೇ ಬಿತ್ತೋದು ವಾಸಿ, ಆಗಲ್ಲ ಅಂದ್ರೆ ಪೇಪರ್ ಕಪ್‌ನಲ್ಲಿ ಹಾಕಿ ಕಪ್ ಹರಿದು ಮಣ್ಣಿನ ಸಮೇತ ಇಳಿಸಿ. ಇನ್ನು ಆಸರೆ, ಇಲ್ಲಿ ತುಂಬಾ ಜನ ದಪ್ಪ ಕಂಬ ಕೊಡ್ತಾರೆ. ಈ ಬಳ್ಳಿಗೆ ಹಿಡ್ಕೊಳಕ್ಕೆ ಕುಡಿಬಳ್ಳಿಯ ಸ್ಪ್ರಿಂಗ್ ಇಲ್ಲ, ಕಾಂಡವೇ ಸುತ್ಕೊಂಡು ಹತ್ತಬೇಕು, ಹಂಗಾಗಿ ದಾರ, ತೆಳು ತಂತಿ, ಬಲೆ ಇಂಥದ್ದು ಬೇಕು. ನಾಲ್ಕೈದು ಎಲೆ ಬಂದ ಮೇಲೆ ತುದಿ ಚಿವುಟಿ, ಮನಸ್ಸು ಬರಲ್ಲ ನಿಜ, ಆದ್ರೆ ಪಕ್ಕದಿಂದ ಕವಲು ಒಡೆದು ಬಳ್ಳಿ ತುಂಬ್ಕೊಳುತ್ತೆ.

ಗೊಬ್ಬರದ ವಿಷಯದಲ್ಲಿ ಕೈ ಬಿಗಿ ಹಿಡೀರಿ. ಬೇರಿನ ಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕನ ಗಿಡಕ್ಕೆ ಒದಗಿಸುತ್ತೆ. ಹಳೇ ಗಿಡ ಕಿತ್ತಾಗ ಒಂದು ಗಂಟು ಸೀಳಿ ನೋಡಿ, ಒಳಗೆ ನಸುಗೆಂಪು ಇದ್ರೆ ಅದು ಕೆಲಸ ಮಾಡ್ತಿತ್ತು ಅಂತ ಅರ್ಥ. ಇದರ ಮೇಲೆ ಯೂರಿಯಾ ಸುರಿದ್ರೆ ಬರೀ ಎಲೆ ಬರುತ್ತೆ. ಬೇಕಾಗಿರೋದು ದಿನಕ್ಕೆ ಆರು ಗಂಟೆ ಬಿಸಿಲು, ಬಸಿದು ಹೋಗೋ ಮಣ್ಣು ಅಷ್ಟೇ. ಬೇರೂರಿದ ಮೇಲೆ ನೀರು ಮರೆತ್ರೂ ತಡ್ಕೊಳುತ್ತೆ, ಹಿಮ ಮಾತ್ರ ತಡೆಯಲ್ಲ.

ಬಿತ್ತಿದ ಆರೆಂಟು ವಾರಕ್ಕೆ ಹೂವು. ಅದನ್ನ ಸ್ವಲ್ಪ ಹೊತ್ತು ಸುಮ್ನೆ ನೋಡಿ. ಬಟಾಣಿ ಹೂವಲ್ಲಿ ದೊಡ್ಡ ಎಸಳು ಹಿಂದೆ ಎದ್ದು ನಿಂತಿರುತ್ತೆ, ಇದರಲ್ಲಿ ಅದೇ ಎಸಳು ಕೆಳಗಿರುತ್ತೆ, ಇಡೀ ಹೂವು ತಲೆಕೆಳಗಾಗಿ ತಿರುಗಿರುತ್ತೆ. ಆ ನೀಲಿಗೆ ನನ್ನ ಹತ್ರ ಪದ ಇಲ್ಲ.

ಕಾಯಿ ಕಂದು ಬಣ್ಣಕ್ಕೆ ತಿರುಗಿದ ತಕ್ಷಣ ಬಿಡಿಸಿ, ತಡ ಮಾಡಿದ್ರೆ ಸಿಪ್ಪೆ ತಿರುಚ್ಕೊಂಡು ಚಟ್ ಅಂತ ಸಿಡಿದು ಬೀಜ ಎಲ್ಲೆಲ್ಲೋ ಹಾರಿರುತ್ತೆ.

ಆ ಐದನೇ ಬೀಜನ ಉಜ್ಜದೆ ವಾಪಸ್ ಅದೇ ಪಾಟ್‌ಗೆ ಹಾಕಿ ಗುರುತಿಗೆ ಕಡ್ಡಿ ನೆಟ್ಟಿದ್ದೆ. ಒಂದು ವರ್ಷ, ಎರಡು ತಿಂಗಳು ಆಯ್ತು. ಇವತ್ತು ಬೆಳಗ್ಗೆ ಕಡ್ಡಿ ಪಕ್ಕ ಮಣ್ಣು ಬಿರುಕು ಬಿಟ್ಟಿದೆ, ಒಳಗೆ ಹಸಿರು ಕಾಣ್ತಿದೆ.