ಪಾಸ್‌ಪೋರ್ಟ್ ಯಾರ ಹತ್ರ ಇದೆ?

"ಪಾಸ್‌ಪೋರ್ಟ್ ಎಲ್ಲಿದೆ ಅಂತ ಕೇಳಿ" ಅಂದರು ಲಾಯರ್. ನಾನು ಕನ್ನಡದಲ್ಲಿ ಕೇಳಿದೆ. ಆ ಹುಡುಗಿ ಮೇಜಿನ ಮೇಲಿದ್ದ ಟಿಶ್ಯೂ ಡಬ್ಬಿಯನ್ನೇ ನೋಡುತ್ತಾ "ಅವರ ಹತ್ರ ಇದೆ" ಅಂದಳು. ವೀಸಾ ಪೇಪರು? "ಅವರ ಹತ್ರಾನೇ." ಬ್ಯಾಂಕ್ ಕಾರ್ಡು? "ಅವರ ಹತ್ರ." ನಾನು ಒಂದೊಂದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಲಾಯರ್ ಬರೆಯೋದು ನಿಲ್ಲಿಸಿ ಕೇಳಿದರು, "ಒಟ್ಟು ಎಷ್ಟು ಜನ ಇದ್ದಾರೆ ಆ ಮನೆಯಲ್ಲಿ?"

ನಾನು ಗಡಿಬಿಡಿಯಲ್ಲಿ 'ಅವರು' ಅನ್ನೋದನ್ನ ಬಹುವಚನವಾಗಿಯೇ ಹೇಳಿಬಿಟ್ಟಿದ್ದೆ. ಗಂಡನನ್ನ ಮರ್ಯಾದೆಯಿಂದ 'ಅವರು' ಅನ್ನೋದು ನಮಗೆ ಎಷ್ಟು ಸಹಜ ಅಂದ್ರೆ, ಅದಕ್ಕೆ ಎರಡು ಅರ್ಥ ಇದೆ ಅನ್ನೋದೇ ಹೊಳೆದಿರಲಿಲ್ಲ. "ಅವರು ಹೊಡೆದರು" ಅಂದರೆ ಗಂಡ ಒಬ್ಬನೇನಾ, ಅತ್ತೆ ಮಾವನೂ ಸೇರಿನಾ? ಕೋರ್ಟಿಗೆ ಕೊಡುವ ಕಾಗದದಲ್ಲಿ ಇದು ಸಣ್ಣ ವಿಷಯ ಅಲ್ಲ. ಅವತ್ತಿನಿಂದ ಪ್ರತಿ 'ಅವರು' ಬಂದಾಗಲೂ ನಿಲ್ಲಿಸಿ ಕೇಳುತ್ತೇನೆ, "ಯಾರು? ನಿಮ್ಮನೆಯವರೊಬ್ಬರೇನಾ?"

ನಾನಿರೋದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ವಾರವೆಲ್ಲ ನನ್ನ ಆಫೀಸ್ ಕೆಲಸ. ಕೆಲವು ಶನಿವಾರ, ದೌರ್ಜನ್ಯಕ್ಕೆ ಸಿಕ್ಕ ವಲಸೆ ಹೆಣ್ಣುಮಕ್ಕಳ ಕೇಸುಗಳನ್ನು ಫೀಸಿಲ್ಲದೆ ನಡೆಸುವ ವಕೀಲರಿಗೆ ಕನ್ನಡ ಇಂಟರ್‌ಪ್ರಿಟರ್ ಆಗಿ ಹೋಗುತ್ತೇನೆ. ಇಲ್ಲಿ ಇದಕ್ಕೆ ಪ್ರೊ ಬೊನೊ ಅಂತಾರೆ. ಈ ಬರಹದಲ್ಲಿ ಬರುವ ಹುಡುಗಿಯ ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಅವಳಿಗೆ ಇಂಗ್ಲಿಷ್ ಬರಲ್ವಾ ಅಂತ ನೀವು ಕೇಳಬಹುದು. ಬರುತ್ತೆ. ಬಿ.ಕಾಂ. ಮಾಡಿದ್ದಾಳೆ, ಅಂಗಡಿಯಲ್ಲಿ, ಬಸ್ಸಿನಲ್ಲಿ ಚೆನ್ನಾಗಿ ಮಾತಾಡ್ತಾಳೆ. ಆದರೆ ಇದನ್ನ ಇಂಗ್ಲಿಷಿನಲ್ಲಿ ಹೇಳೋಕೆ ಬರಲ್ಲ. ಕನ್ನಡದಲ್ಲೂ ನೇರವಾಗಿ ಹೇಳೋಕೆ ಬರಲ್ಲ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಮೊದಲ ದಿನ ಅವಳು ಹೇಳಿದ್ದು ಇಷ್ಟೇ: "ಅವರಿಗೆ ಸ್ವಲ್ಪ ಕೋಪ ಜಾಸ್ತಿ ಅಕ್ಕ. ಒಂದೊಂದ್ಸಲ ಕೈ ಮಾಡ್ತಾರೆ."

'ಕೈ ಮಾಡ್ತಾರೆ' ಅನ್ನೋದನ್ನ ಕೋರ್ಟಿನ ಭಾಷೆಗೆ ತರಬೇಕಾದರೆ ಬಿಡಿಸಿ ಕೇಳಲೇಬೇಕು. ಅಂಗೈಯಲ್ಲಾ, ಮುಷ್ಟಿಯಲ್ಲಾ? ಯಾವ ಕೆನ್ನೆ? ಎಷ್ಟು ಸಲ? ಯಾವತ್ತು? ದಿನಾಂಕ ಅವಳಿಗೆ ನೆನಪಿಲ್ಲ. "ಉಗಾದಿ ಆಗಿ ಮೂರು ದಿನಕ್ಕೆ" ಅಂದಳು. ಹಬ್ಬಕ್ಕೆ ಒಬ್ಬಟ್ಟು ಮಾಡಿದ್ದಳಂತೆ, ಮಿಕ್ಕ ಹೂರಣ ಹಳಸಿತು ಅಂತ ಶುರುವಾದ ಜಗಳ. ನಾನು ಫೋನಿನಲ್ಲಿ ಕ್ಯಾಲೆಂಡರ್ ತೆಗೆದೆ. 2023ರ ಉಗಾದಿ ಮಾರ್ಚ್ 22ಕ್ಕೆ. ಕಾಗದದಲ್ಲಿ 'ಮಾರ್ಚ್ 25, 2023ರ ಸುಮಾರಿಗೆ' ಅಂತ ಬಂತು. ದಸರಾ, ದೀಪಾವಳಿ, ಅವರ ಊರ ಜಾತ್ರೆ, ತಂಗಿಯ ಸೀಮಂತ ಹೀಗೆ ಹಿಡಿದು ಹಿಡಿದು ಒಂದೂವರೆ ವರ್ಷದ ಬದುಕಿಗೆ ತಾರೀಖು ಹಾಕಿದೆವು. ಹತ್ತು ಪುಟದ ಆ ಹೇಳಿಕೆಗೆ ಆರು ಶನಿವಾರ ಬೇಕಾಯಿತು. ದುಡ್ಡು ಕೊಟ್ಟು ಲಾಯರ್ ಇಟ್ಟುಕೊಳ್ಳುವವರಿಗೆ ಇಲ್ಲಿ ಗಂಟೆ ಲೆಕ್ಕದಲ್ಲಿ ಬಿಲ್ ಬರುತ್ತದೆ. ಕೈಯಲ್ಲಿ ಇಪ್ಪತ್ತು ಡಾಲರ್ ಇಲ್ಲದ ಹುಡುಗಿಗೆ ಆರು ಶನಿವಾರ ಯಾರು ಕೊಡುತ್ತಾರೆ?

ನನಗೆ ಮೊದಲು ನಂಬೋಕೆ ಆಗದಿದ್ದ ವಿಷಯ ಒಂದಿದೆ. ಹೊಡೆದ ಗಂಡನ ಮೇಲೆ ಇಲ್ಲಿ ಕ್ರಿಮಿನಲ್ ಕೇಸಾಗಿ, ಅವನ ಹತ್ರ ದುಡ್ಡಿಲ್ಲದಿದ್ದರೆ, ಅವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು. ಇಲ್ಲಿನ ಸುಪ್ರೀಂ ಕೋರ್ಟಿನ 1963ರ ತೀರ್ಪು ಅದು. ಅದು ಸರಿಯೇ. ಆದರೆ ಹೊಡೆಸಿಕೊಂಡವಳು ವಿಚ್ಛೇದನಕ್ಕೆ, ವೀಸಾಕ್ಕೆ ಅಲೆಯುವಾಗ ಅವಳಿಗೆ ಆ ಹಕ್ಕಿಲ್ಲ. ನಮ್ಮಲ್ಲಿ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಯಾವ ಹೆಣ್ಣುಮಗಳಿಗಾದರೂ, ಅವಳ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ಈ ವಿಷಯದಲ್ಲಿ ನಮ್ಮ ಕಾನೂನು ಮೇಲು ಅಂತ ಇಲ್ಲಿನ ವಕೀಲರಿಗೆ ನಾನು ಹೇಳಿದ್ದೇನೆ. ಇಲ್ಲಿ ಆ ಜಾಗವನ್ನ ತುಂಬೋದು ದೇಣಿಗೆ, ಅನುದಾನದಲ್ಲಿ ನಡೆಯುವ ಸಂಸ್ಥೆಗಳು ಮತ್ತು ಮನಸ್ಸು ಮಾಡಿದ ವಕೀಲರು. ವರ್ಷಕ್ಕೆ ಕನಿಷ್ಠ 50 ಗಂಟೆ ಉಚಿತ ಸೇವೆ ಮಾಡಿ ಅಂತ ಅಮೆರಿಕನ್ ಬಾರ್ ಅಸೋಸಿಯೇಷನ್ ವಕೀಲರಿಗೆ ಹೇಳುತ್ತದೆ. ಕಡ್ಡಾಯ ಏನಲ್ಲ. ನಮ್ಮ ಕೇಸಿನ ಲಾಯರ್ ವಾರದ ದಿನಗಳಲ್ಲಿ ಕಂಪನಿಗಳ ಒಪ್ಪಂದ ಬರೆಯುವವರು. ದೌರ್ಜನ್ಯದ ಕೇಸು ಹೇಗೆ ನಡೆಸಬೇಕು ಅಂತ ಒಂದು ಸಂಸ್ಥೆಯಲ್ಲಿ ತರಬೇತಿ ಪಡೆದು ಬಂದಿದ್ದರು.

ಈಗ ಪಾಸ್‌ಪೋರ್ಟಿನ ವಿಷಯಕ್ಕೆ ಬರ್ತೀನಿ. ನಾನೂ 2011ರಲ್ಲಿ ಎಚ್-4 ವೀಸಾದಲ್ಲೇ ಬಂದವಳು. ಗಂಡನಿಗೆ ಇಲ್ಲಿ ಕೆಲಸ ಮಾಡುವ ಎಚ್-1ಬಿ ವೀಸಾ ಇದ್ದರೆ ಹೆಂಡತಿಗೆ ಸಿಗೋದು ಅದು. ನಮ್ಮ ಮನೆಯಲ್ಲಿ ಎಲ್ಲ ಪಾಸ್‌ಪೋರ್ಟ್ ಒಂದೇ ಫೈಲಿನಲ್ಲಿ ಇರುತ್ತಿದ್ದವು, ಫೈಲು ಇಬ್ಬರಿಗೂ ಸಿಗುವ ಕಪಾಟಿನಲ್ಲಿ. ಅದೊಂದು ಭಾಗ್ಯ ಅಂತ ನನಗೆ ಗೊತ್ತೇ ಇರಲಿಲ್ಲ. ಎಚ್-4ನಲ್ಲಿ ಬಂದವಳಿಗೆ ಕೆಲಸದ ಅನುಮತಿ ಇಲ್ಲದಿದ್ದರೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗಲ್ಲ. ಅದಿಲ್ಲದಿದ್ದರೆ ಮನೆ ಬಾಡಿಗೆ ಕರಾರು, ಫೋನು, ಕ್ರೆಡಿಟ್ ಕಾರ್ಡು ಎಲ್ಲ ಗಂಡನ ಹೆಸರಲ್ಲೇ. ಒಂದಷ್ಟು ಎಚ್-4 ಹೆಂಡತಿಯರಿಗೆ ಕೆಲಸ ಮಾಡಲು ಅವಕಾಶ ಬಂದದ್ದು 2015ರ ಮೇ ತಿಂಗಳಿಂದ. ಅದೂ ಗಂಡನ ಗ್ರೀನ್ ಕಾರ್ಡ್ (ಇಲ್ಲಿ ಕಾಯಂ ಇರಲು ಅನುಮತಿ) ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ಗಂಡ ಒಳ್ಳೆಯವನಾದರೆ ಇದೆಲ್ಲ ಬರೀ ಪೇಪರ್ ಕೆಲಸ. ಅಲ್ಲದಿದ್ದರೆ, ಮನೆಗೆ ಬೀಗ ಹಾಕುವ ಅಗತ್ಯವೇ ಇಲ್ಲ.

ಈ ಹುಡುಗಿಗೆ ಅವನು ದಿನಾ ಹೇಳುತ್ತಿದ್ದದ್ದು ಒಂದೇ ಮಾತು: "ವೀಸಾ ಕ್ಯಾನ್ಸಲ್ ಮಾಡಿಸ್ತೀನಿ. ನಾಳೆನೇ ಫ್ಲೈಟ್ ಹತ್ತಿಸ್ತೀನಿ." ಅವಳು ಹೊಡೆತಕ್ಕಿಂತ ಈ ಮಾತಿಗೆ ಜಾಸ್ತಿ ಹೆದರಿದ್ದಳು. ಲಾಯರ್ ಅವಳಿಗೆ ಕೊಟ್ಟ ಮೊದಲ ಸಮಾಧಾನ ಇದೇ ಮಾತಿನ ಬಗ್ಗೆ. ಯಾರನ್ನು ದೇಶದಿಂದ ಕಳಿಸಬೇಕು ಅಂತ ತೀರ್ಮಾನ ಮಾಡೋದು ಗಂಡ ಅಲ್ಲ. ಅಷ್ಟೇ ಅಲ್ಲ, ಹೆಂಡತಿಯನ್ನು ಎಲ್ಲರಿಂದ ದೂರ ಇಡೋದು, ದುಡ್ಡು ಕೊಡದೆ ಕಟ್ಟಿಹಾಕೋದು, ವಲಸೆಯ ಹೆಸರಲ್ಲಿ ಹೆದರಿಸೋದು, ಇವನ್ನೆಲ್ಲ ಕ್ಯಾಲಿಫೋರ್ನಿಯಾ 2021ರಿಂದ ದೌರ್ಜನ್ಯದ ಕಾನೂನಿನಲ್ಲೇ ಬಿಡಿಸಿ ಹೇಳಿದೆ. ಇದನ್ನ ನಾನು ಕನ್ನಡದಲ್ಲಿ ಹೇಳಿದಾಗ ಅವಳು ನಂಬಲಿಲ್ಲ. "ಹೊಡೀದೇ ಇದ್ರೂನಾ?" ಅಂತ ಎರಡು ಸಲ ಕೇಳಿದಳು.

ಆದರೆ ಲಾಯರ್ ಸುಳ್ಳು ಸಮಾಧಾನ ಹೇಳಲಿಲ್ಲ. ಎಚ್-4 ನಿಂತಿರೋದು ಮದುವೆಯ ಮೇಲೆ. ಡೈವೋರ್ಸ್ ಆದ ದಿನ ಅದು ಹೋಗುತ್ತದೆ. ಇಲ್ಲಿ 1994ರಲ್ಲಿ ಬಂದ ಒಂದು ಕಾನೂನು ಇದೆ. ಹಿಂಸೆ ಕೊಡುವ ಗಂಡ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇರುವವನೋ ಆಗಿದ್ದರೆ, ಹೆಂಡತಿ ಅವನಿಗೆ ಗೊತ್ತಿಲ್ಲದೆ ತಾನೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಆದರೆ ಗಂಡ ಎಚ್-1ಬಿನಲ್ಲಿ ಇದ್ದರೆ ಆ ದಾರಿ ಇಲ್ಲ. ನಮ್ಮ ಬೆಂಗಳೂರು, ಮೈಸೂರಿನಿಂದ ಬಂದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಬೀಳೋದು ಇದೇ ಸಂದಿಗೆ. ಭಾರತದವರಿಗೆ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೆ ಗೊತ್ತೇ ಇದೆ. ಅಷ್ಟು ವರ್ಷವೂ ಹೆಂಡತಿಯ ಬದುಕು ಗಂಡನ ಜೇಬಲ್ಲಿ. ಇದು ನನಗೆ ಒಪ್ಪಿಗೆ ಆಗದ ಕಾನೂನು, ಎಷ್ಟು ಸಲ ಕೇಳಿದರೂ ಹೊಟ್ಟೆ ಉರಿಯುತ್ತದೆ.

ಅವಳ ಪಾಲಿಗೆ ಉಳಿದದ್ದು ಎರಡು. ಒಂದು, ಹಿಂಸೆಗೆ ಸಿಕ್ಕ ಎಚ್-4 ಹೆಂಡತಿಗೆ ಸಿಗುವ ಕೆಲಸದ ಪರವಾನಗಿ. 2005ರ ಕಾನೂನಿನಲ್ಲೇ ಇದ್ದದ್ದು, ಅರ್ಜಿ ಹಾಕುವ ನಮೂನೆ ಬಂದದ್ದು 2017ರಲ್ಲಿ! ಅದು ದುಡಿಯಲು ಅನುಮತಿ ಅಷ್ಟೇ, ವೀಸಾ ಅಲ್ಲ. ಇನ್ನೊಂದು ಯು ವೀಸಾ. ಅಪರಾಧಕ್ಕೆ ಬಲಿಯಾಗಿ ಪೊಲೀಸರಿಗೆ ಸಹಕರಿಸಿದವರಿಗೆ ಅಂತ 2000ದಲ್ಲಿ ಬಂದದ್ದು. ಗಂಡನ ವೀಸಾ ಯಾವುದು ಅಂತ ಇದಕ್ಕೆ ಬೇಕಿಲ್ಲ. ಅರ್ಜಿ ಹಾಕಿದ್ದನ್ನು ಅಧಿಕಾರಿಗಳು ಗಂಡನಿಗೆ ತಿಳಿಸುವ ಹಾಗೂ ಇಲ್ಲ. ಆದರೆ ವರ್ಷಕ್ಕೆ ಕೊಡೋದು 10,000 ಮಾತ್ರ, ಕಾಯೋದು ವರ್ಷಗಟ್ಟಲೆ. ಜೊತೆಗೆ ಪೊಲೀಸರೋ ಸರ್ಕಾರಿ ವಕೀಲರೋ 'ಈಕೆ ಸಹಕರಿಸಿದ್ದಾರೆ' ಅಂತ ಸಹಿ ಹಾಕಿ ಕೊಡಬೇಕು.

ಪೊಲೀಸರ ಹತ್ರ ಹೋಗಿದ್ದೀರಾ ಅಂತ ಲಾಯರ್ ಕೇಳಿದಾಗ ಅವಳು ಬ್ಯಾಗಿನಿಂದ ಒಂದು ಪುಟ್ಟ ಕಾರ್ಡ್ ತೆಗೆದಳು. ಒಂದು ರಾತ್ರಿ ಪಕ್ಕದ ಮನೆಯವರು ಗಲಾಟೆ ಕೇಳಿ 911ಗೆ ಫೋನ್ ಮಾಡಿದ್ದರಂತೆ. ಪೊಲೀಸರು ಬಂದರು. ಗಂಡ ಬಾಗಿಲಲ್ಲೇ ನಿಂತಿದ್ದ. ಇವಳು "ಏನೂ ಇಲ್ಲ ಸರ್" ಅಂದಳು. ಅವರು ಕೇಸ್ ನಂಬರ್ ಬರೆದ ಕಾರ್ಡ್ ಕೊಟ್ಟು ಹೋದರು. ಇವಳು ಅದನ್ನ ಮಡಚಿ ರಾಗಿ ಹಿಟ್ಟಿನ ಡಬ್ಬದಲ್ಲಿ ಮುಚ್ಚಿಟ್ಟಳು. ಮನೆಯಲ್ಲಿ ಅವನು ಯಾವತ್ತೂ ಮುಟ್ಟದ ಡಬ್ಬ ಅದೊಂದೇ. ಏಳು ತಿಂಗಳು ಅದು ಅಲ್ಲೇ ಇತ್ತು. ಮೇಜಿನ ಮೇಲೆ ಬಿಡಿಸಿದಾಗ ಮಡಿಕೆಯಲ್ಲಿ ಇನ್ನೂ ಹಿಟ್ಟು ಅಂಟಿಕೊಂಡಿತ್ತು. ಲಾಯರ್ ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆ ನಂಬರಿನಿಂದಲೇ ಪೊಲೀಸರ ಕಡತ ಸಿಕ್ಕಿತು. ಆಮೇಲೆ ಇವಳು ಠಾಣೆಗೆ ಹೋಗಿ, ಈ ಸಲ ನನ್ನ ಜೊತೆ ಕೂತು, ಕನ್ನಡದಲ್ಲಿ ಪೂರ್ತಿ ಹೇಳಿದಳು.

ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು ಹೇಳಲೇಬೇಕು. ಈ ಹುಡುಗಿ ಅಮ್ಮನಿಗೆ ಮೊದಲ ತಿಂಗಳಲ್ಲೇ ಹೇಳಿದ್ದಳು. ಅಮ್ಮ "ಹೊಸದರಲ್ಲಿ ಎಲ್ಲಾ ಹಾಗೇ ಕಣಮ್ಮ, ಹೊಂದ್ಕೊಂಡು ಹೋಗು" ಅಂದರು. ಆ ತಾಯಿ ಕೆಟ್ಟವರಲ್ಲ. ಮುಂದೆ ಒಂದು ದಿನ ನನ್ನ ಹತ್ರ ಫೋನಿನಲ್ಲಿ ಅತ್ತರು. "ಅಷ್ಟು ದೂರ ಇದ್ದೀವಿ, ನಾನೇನು ಮಾಡೋಕಾಗ್ತಿತ್ತು ಹೇಳಿಮ್ಮ?" ಅಂದರು. ಮಾಡಬಹುದಾದದ್ದು ಇದೆ. ಮಗಳ ಪಾಸ್‌ಪೋರ್ಟ್, ವೀಸಾ, ಮದುವೆ ನೋಂದಣಿ ಪತ್ರದ ಫೋಟೊ ತೆಗೆದು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. "ಊಟ ಆಯ್ತಾ" ಅಂತ ಕೇಳೋ ಹಾಗೇ "ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀಯಾ?" ಅಂತಲೂ ಕೇಳಿ. ಅವಳು ಕಳಿಸುವ ಮೆಸೇಜ್, ಗಾಯದ ಫೋಟೊ ಅಳಿಸಬೇಡಿ. ಕೋರ್ಟಿನಲ್ಲಿ ಅದೇ ಸಾಕ್ಷಿ. ನಮ್ಮ ಕೇಸಿನಲ್ಲಿ ತಂಗಿಯ ವಾಟ್ಸ್ಆ್ಯಪ್‌ನಲ್ಲಿ ಉಳಿದಿದ್ದ ನಾಲ್ಕು ಆಡಿಯೊ ತುಂಬಾ ಕೆಲಸಕ್ಕೆ ಬಂದವು.

ಇನ್ನು ಕೆಲವರನ್ನ ರಜೆಗೆ ಅಂತ ಊರಿಗೆ ಕರ್ಕೊಂಡು ಹೋಗಿ, ಪಾಸ್‌ಪೋರ್ಟ್ ಕಿತ್ತುಕೊಂಡು ಬಿಟ್ಟು ಬರ್ತಾರೆ. ಸ್ವಲ್ಪ ದಿನಕ್ಕೆ ಅಮೆರಿಕದ ಕೋರ್ಟಿನಿಂದ ಡೈವೋರ್ಸ್ ಪೇಪರ್ ಬರುತ್ತೆ. ಅದನ್ನ ನೋಡಿ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ, ಹೆಂಡತಿ ಒಪ್ಪಿ ಹಾಜರಾಗದ ವಿದೇಶಿ ಕೋರ್ಟು ಕೊಟ್ಟ ಡೈವೋರ್ಸ್ ನಮ್ಮಲ್ಲಿ ನಿಲ್ಲಲ್ಲ ಅಂತ 1991ರಲ್ಲೇ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ. ತವರಿಗೆ ಬಂದು ಆಶ್ರಯ ಪಡೆದವಳು ಅಲ್ಲಿಯೇ ಕ್ರೌರ್ಯದ ದೂರು ಕೊಡಬಹುದು ಅಂತ 2019ರ ತೀರ್ಪು ಇದೆ. ನಿಮ್ಮ ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಇದಕ್ಕೇ ಅಂತ ಎನ್‌ಆರ್‌ಐ ವಿಭಾಗ ಇದೆ.

ಮಗಳು ಇಲ್ಲೇ ಇದ್ದರೆ ಈ ಹೆಸರುಗಳನ್ನ ಬರೆದಿಟ್ಟುಕೊಳ್ಳಿ: ಬೇ ಏರಿಯಾದಲ್ಲಿ ಮೈತ್ರಿ, ನಾರಿಕಾ. ನ್ಯೂಜೆರ್ಸಿಯಲ್ಲಿ 1985ರಿಂದ ಇರುವ ಮಾನವಿ. ನ್ಯೂಯಾರ್ಕಿನಲ್ಲಿ ಸಖಿ. ಹ್ಯೂಸ್ಟನ್‌ನಲ್ಲಿ ದಯಾ. ನಮ್ಮ ಕಡೆಯ ಹೆಣ್ಣುಮಕ್ಕಳೇ ಸೇರಿ ಕಟ್ಟಿದ ಸಂಸ್ಥೆಗಳು ಇವು. ಫೋನ್ ಮಾಡಿದ ತಕ್ಷಣ ಗಂಡನನ್ನ ಬಿಡು ಅಂತ ಯಾರೂ ಹೇಳಲ್ಲ. ಮೊದಲು ಕೇಳಿಸಿಕೊಳ್ತಾರೆ, ಬೇಕಿದ್ದರೆ ವಕೀಲರ ಹತ್ರ ಕಳಿಸ್ತಾರೆ. ನಮ್ಮ ಸಂಘದ ಗಣೇಶನ ಹಬ್ಬದಲ್ಲಿ ಈ ಸಂಸ್ಥೆಗಳ ನಂಬರ್ ಇರುವ ಚೀಟಿಯನ್ನ ಹೆಂಗಸರ ಬಚ್ಚಲುಮನೆ ಬಾಗಿಲ ಹಿಂದೆ ಅಂಟಿಸೋಣ ಅಂತ ನಾನು ಕೇಳಿದ್ದೆ. ಹಬ್ಬದ ದಿನ ಬೇಡ ಅಂದರು ಒಬ್ಬರು. ಹಬ್ಬ ಮುಗಿದ ರಾತ್ರಿಗಳು ಹೇಗಿರುತ್ತವೆ ಅಂತ ನಾನು ಆರು ಶನಿವಾರ ಕೇಳಿದ್ದೇನೆ. ಇನ್ನೊಮ್ಮೆ ಕೇಳುತ್ತೇನೆ, ಮುಂದಿನ ವರ್ಷವೂ ಕೇಳುತ್ತೇನೆ.

ಕೋರ್ಟಿನ ತಾತ್ಕಾಲಿಕ ಆದೇಶ ಬೇಗ ಸಿಕ್ಕಿತು. ಗಂಡ ಹತ್ತಿರ ಸುಳಿಯಬಾರದು, ಫೋನ್ ಮಾಡಬಾರದು ಅಂತ. ದೀರ್ಘಾವಧಿ ಆದೇಶದ ವಿಚಾರಣೆ ಮೂರು ವಾರಕ್ಕೆ. ಈ ಅರ್ಜಿಗೆ ಇಲ್ಲಿ ಶುಲ್ಕ ಇಲ್ಲ. ವಿಚಾರಣೆಯ ದಿನ ಕೋರ್ಟಿನವರೇ ಕೊಟ್ಟ ಇಂಟರ್‌ಪ್ರಿಟರ್ ಇದ್ದರು, ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವನು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಎದುರು ಮೇಜಿನಲ್ಲಿ ಕೂತಿದ್ದ. ಇವಳ ಧ್ವನಿ ಮೊದಲು ನಡುಗಿತು, ಆಮೇಲೆ ಸರಿಯಾಯಿತು. ಎಲ್ಲ ಹೇಳಿದಳು. ಆದರೆ ಕೊನೆಯವರೆಗೂ 'ಅವನು' ಅನ್ನಲಿಲ್ಲ. "ಅವರು ನನ್ನ ಕೂದಲು ಹಿಡಿದು ಎಳೆದರು" ಅಂದಳು. ಇಂಟರ್‌ಪ್ರಿಟರ್ ಏಕವಚನದಲ್ಲೇ ಹೇಳಿದರು.

ಜಡ್ಜ್ ಮೂರು ವರ್ಷದ ಆದೇಶ ಕೊಟ್ಟರು. ಪಾಸ್‌ಪೋರ್ಟ್ ವಾಪಸ್ ಕೊಡಬೇಕು ಅಂತಲೂ ಅದರಲ್ಲಿ ಬರೆದಿತ್ತು. ಯು ವೀಸಾ ಅರ್ಜಿ ಇನ್ನೂ ಸಾಲಿನಲ್ಲಿದೆ. ಕೆಲಸದ ಪರವಾನಗಿ ಬಂದಿದೆ, ಒಂದು ಕಡೆ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ.

ಪಾಸ್‌ಪೋರ್ಟ್ ಲಾಯರ್ ಆಫೀಸಿಗೆ ಬಂದ ದಿನ ನಾನೂ ಇದ್ದೆ. ಕಂದು ಲಕೋಟೆಯಲ್ಲಿತ್ತು. ಅವಳು ಫೋಟೊ ಇರುವ ಪುಟ ನೋಡಿದಳು, ವೀಸಾ ನೋಡಿದಳು, ಆಮೇಲೆ ಕೊನೆಯ ಪುಟ ತಿರುಗಿಸಿದಳು. ಅಪ್ಪನ ಹೆಸರು, ಅಮ್ಮನ ಹೆಸರು, ಅದರ ಕೆಳಗೆ ಗಂಡನ ಹೆಸರು. ಹೆಬ್ಬೆರಳಿನಿಂದ ಆ ಸಾಲನ್ನ ಮುಚ್ಚಿಕೊಂಡು "ಇದನ್ನ ತೆಗೆಸಬಹುದಾ ಅಕ್ಕ?" ಅಂತ ಕೇಳಿದಳು. ಡೈವೋರ್ಸ್ ಆದಮೇಲೆ ಕಾನ್ಸುಲೇಟಿನಲ್ಲಿ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು ಅಂದೆ. "ಏನೇನು ಪೇಪರ್ ಬೇಕು, ಹೇಳಿ" ಅಂದಳು. ನಾವು ಅಲ್ಲೇ ಕೂತು ಒಂದು ಪಟ್ಟಿ ಬರೆದೆವು.